ದುರ್ಗಿಗುಡಿಯಲ್ಲಿ ಸಿಕ್ಕ ಹಿರಿಯರಿಗೆ

ತೀರ್ಥಹಳ್ಳಿಯಿಂದ ಕಂಪ್ಯೂಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದಿದ್ದೆ. ಹಿಂದಿನ ವಾರದ ಗುಡುಗು ಮಳೆಯಲ್ಲಿ ಸಿಡಿಲು ಬಡಿದ ಮೇಲೆ, ಇಂಟರ್ನೆಟ್ ಕೇಬಲ್ ಸಿಕ್ಕಿಸುವ ನೆಟ್‌ವರ್ಕ್ ಪೋರ್ಟಿನ ಹಸಿರು ದೀಪ ಮತ್ತೆ ಹತ್ತಿರಲಿಲ್ಲ. ಅದೇ ಕೇಬಲ್ ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಕಂಪ್ಯೂಟರಿನ ಮುಖ್ಯ ಫಲಕವಾದ ಮದರ್‌ಬೋರ್ಡನ್ನೇ ಬದಲಿಸಬೇಕು ಎಂದು ಒಬ್ಬರು ಹೇಳಿದಾಗ ಕಣ್ಣು ಕತ್ತಲಿಟ್ಟಿತು. ಮಗಳ ಆನ್‌ಲೈನ್ ಪರೀಕ್ಷೆಗೆ ಉಳಿದಿದ್ದು ಮೂರೇ ದಿನ.

ದುರ್ಗಿಗುಡಿಯ ಅಂಗಡಿಯೊಂದರಲ್ಲಿ ಪಕ್ಕ ನಿಂತಿದ್ದ ನೀವು ನನ್ನ ಮಾತು ಕೇಳಿಸಿಕೊಂಡಿರಿ. "ಬೋರ್ಡಿಗೆ ಏನೂ ಆಗಿಲ್ಲ, ಪೋರ್ಟ್ ಮಾತ್ರ ಹೋಗಿದೆ" ಎಂದು ಪೆಟ್ಟಿಗೆ ಬಿಚ್ಚಿಸಿದಿರಿ. ಉದ್ದನೆಯ ಗ್ರಾಫಿಕ್ಸ್ ಸ್ಲಾಟಿನ ಕೆಳಗೆ ಬೆರಳಿನ ಒಂದು ಗೆಣ್ಣಿನಷ್ಟೇ ಉದ್ದದ, ಹೆಚ್ಚುವರಿ ಕಾರ್ಡ್ ಕೂರಿಸುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಖಾಲಿಯಿತ್ತು. ಅದನ್ನು ತೋರಿಸಿ ಗಿಗಾಬಿಟ್ ವೇಗದ ನೆಟ್‌ವರ್ಕ್ ಕಾರ್ಡ್ ಒಂದನ್ನು ಕೊಡಿಸಿದಿರಿ. ಹಿಂಬದಿಯ ತಗಡಿನ ಪಟ್ಟಿ ತೆಗೆದು, ಕಾರ್ಡನ್ನು ಎರಡೂ ಹೆಬ್ಬೆರಳಿನಿಂದ ಸಮನಾಗಿ ಒತ್ತಿ ಸ್ಕ್ರೂ ಬಿಗಿದಿರಿ. ಅದಕ್ಕೂ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಕೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡ ನಿಮ್ಮ ಎಚ್ಚರಿಕೆ ನನಗೆ ಬಹಳ ಹಿಡಿಸಿತು. ಆಮೇಲೆ ಕಂಪ್ಯೂಟರಿನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ನಲ್ಲಿ ಹಳೆಯ ಪೋರ್ಟನ್ನು ನಿಷ್ಕ್ರಿಯಗೊಳಿಸಿದಿರಿ.

ದೀಪ ಮಿನುಗಿತು! ವೇಗ 1000 ಎಂಬಿಪಿಎಸ್ (ಸೆಕೆಂಡಿಗೆ 1000 ಮೆಗಾಬಿಟ್) ಎಂದು ತೋರಿಸಿತು. ನಾನು ಹಣ ಕೊಡುವಷ್ಟರಲ್ಲಿ ನೀವು ಕೊಡೆ ಬಿಚ್ಚಿ ಮಳೆಯಲ್ಲಿ ಹೊರಟೇಹೋಗಿದ್ದಿರಿ, ಹೆಸರೂ ಕೇಳಲಾಗಲಿಲ್ಲ.

ಮಗಳು ಪರೀಕ್ಷೆ ಬರೆದಳು. ಈಗ ಗುಡುಗು ಕೇಳಿದ ತಕ್ಷಣ, ನೀವು ಹೇಳಿದಂತೆ, ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡುತ್ತೇವೆ. ತುಂಬು ಹೃದಯದ ಧನ್ಯವಾದಗಳು, ಸರ್. ತೀರ್ಥಹಳ್ಳಿಯ ಕಡೆ ಬಂದರೆ ನಮ್ಮ ಮನೆಯಲ್ಲಿ ಊಟ ಮಾಡಿಕೊಂಡೇ ಹೋಗಬೇಕು.