ಮೂರನೇ ಸಲದ ಕೂಗು

ಪ್ರೀತಿಯ ಪುಟ್ಟಿಗೆ ಮಾಮನ ಆಶೀರ್ವಾದಗಳು.

ನೀನು ಕಳಿಸಿದ ವೀಡಿಯೋ ನೋಡ್ದೆ ಕಣೇ. ಒಂದು ಸಲ ಅಲ್ಲ, ಏಳು ಸಲ. ಮೊದಲನೇ ಸಲ ನಿಮ್ಮತ್ತೆನೂ ಪಕ್ಕದಲ್ಲೇ ಕೂತಿದ್ಲು, ಕಿಟಕಿ ಹತ್ರ ಆ ಕೂದಲು ಬಿಟ್ಕೊಂಡಿರೋ ಮುಖ ದಢಾರ್ ಅಂತ ಬಂತು ನೋಡು, ಕಾಫಿ ಸೀರೆ ಮೇಲೆ ಚೆಲ್ಕೊಂಡ್ಲು, ಆಮೇಲೆ ಕಿಸಕ್ಕನೆ ನಕ್ಕಳು. ಆ ನಗು ಯಾಕೆ ಬಂತು ಅಂತ ಯೋಚನೆ ಮಾಡ್ತಾ ರಾತ್ರಿ ಹನ್ನೊಂದಾಯ್ತು, ಅದಕ್ಕೇ ಈ ಕಾಗದ. ಕಾಗದ ಅಂದ್ರೆ ಫೋನಲ್ಲೇ ಟೈಪ್ ಮಾಡ್ತಿರೋದು, ಒತ್ತು ದೀರ್ಘ ಹೆಚ್ಚುಕಮ್ಮಿ ಆದ್ರೆ ಹೊಟ್ಟೆಗೆ ಹಾಕ್ಕೋ.

ನಿಮ್ಮಮ್ಮ ಮೊನ್ನೆ ಫೋನ್ ಮಾಡಿ "ಅಣ್ಣ, ನೀನಾದ್ರೂ ಬುದ್ಧಿ ಹೇಳು, ಸೈನ್ಸ್ ತಗೋ ಅಂದ್ರೆ ಮೀಡಿಯಾ ಸ್ಟಡೀಸ್ ತಗೊಂಡು ದೆವ್ವದ ಹಿಂದೆ ಬಿದ್ದಿದಾಳೆ" ಅಂದ್ಲು. ಹೇಳ್ತೀನಿ ಬಿಡು ಅಂದೆ. ಅವಳು ಅಂದ್ಕೊಂಡಿರೋ ಬುದ್ಧಿ ಬೇರೆ, ನಾನು ಹೇಳೋದು ಬೇರೆ, ಅದನ್ನ ಅವಳಿಗೆ ಹೇಳಬೇಡ.

ನೀನು ಹೇಳಿದ್ದು ನನಗೆ ಅರ್ಥ ಆಗಿರೋದು ಇಷ್ಟು. ಕೇಂಬ್ರಿಡ್ಜ್ ಎಎಸ್ ಲೆವೆಲ್ಲಿಗೆ, ನಮ್ಮ ಪಿಯುಸಿ ಥರದ್ದು, ಒಂದು ಹೊಸ ಸಿನಿಮಾದ ಓಪನಿಂಗ್ ಮಾಡಬೇಕು, ಟೈಟಲ್ ಸೇರಿ ಎರಡೇ ನಿಮಿಷ, ಶೂಟಿಂಗ್ ಎಲ್ಲಾ ನಿಮ್ಮದೇ ಆಗಿರಬೇಕು, ಮ್ಯೂಸಿಕ್ಕು ಸೌಂಡ್ ಎಫೆಕ್ಟು ಮಾತ್ರ ಕಾಪಿರೈಟ್ ಇಲ್ಲದೆ ಇರೋದನ್ನ ಬೇರೆ ಕಡೆಯಿಂದ ತಗೋಬಹುದು. ಆಮೇಲೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಬೇಕು, ಮೊದಲನೆಯದೇ ಇದು, ನಿನ್ನ ಸಿನಿಮಾ ಆ ಜಾತಿ ಸಿನಿಮಾಗಳ ಕಟ್ಟುಪಾಡನ್ನ ಹೇಗೆ ಬಳಸುತ್ತೆ ಇಲ್ಲಾ ಹೇಗೆ ಮುರಿಯುತ್ತೆ, ಸಮಾಜದ ಯಾವ ಜನರನ್ನ ಹೇಗೆ ತೋರಿಸುತ್ತೆ. ಸರಿಯಾ?

ಎರಡು ನಿಮಿಷ ಅಂದ್ರೆ ನನಗೆ ನಿಮಿಷದ ಲೆಕ್ಕದಲ್ಲಿ ಹೊಳೆಯೋದೇ ಇಲ್ಲ. 35 ಎಂಎಂ ರೀಲು ನಿಮಿಷಕ್ಕೆ 90 ಅಡಿ ಓಡುತ್ತೆ, ಎರಡು ನಿಮಿಷಕ್ಕೆ 180 ಅಡಿ, ಅಂದ್ರೆ ಮೂವತ್ತು ಮಾರು. ಮೂವತ್ತು ಮಾರು ಹಗ್ಗ ಕೊಟ್ಟಿದಾರೆ ನಿನಗೆ, ಅದರಲ್ಲಿ ನೀನು ತುಂಬಿರೋದು ಏನೇನು? ಘಾಟಿ ರಸ್ತೆ ಮೇಲೆ ಡ್ರೋನು, ಮಂಜು, ಕಪ್ಪು ಬೆಕ್ಕು, ಗೊಂಬೆ, ಕಿರ್ ಅನ್ನೋ ಬಾಗಿಲು, ಕರೆಂಟ್ ಹೋಗೋದು, ಬಾಗಿಲ ಮೇಲೆ 'ನಾಳೆ ಬಾ', ಕೊನೆಗೆ ಬಿಳಿ ಸೀರೆ. ಸಂತೆಯಿಂದ ಬಂದ ಚೀಲ ಬಗ್ಗಿಸಿದ ಹಾಗಿದೆ. ಬೇಜಾರು ಮಾಡ್ಕೋಬೇಡ, ಕ್ಯಾಮೆರಾ ಹಿಡಿದಿರೋದು ಚೆನ್ನಾಗಿದೆ, ಆ ಹುಡುಗಿ ಕೂಡ ಚೆನ್ನಾಗಿ ಮಾಡಿದಾಳೆ.

ಪುಟ್ಟಿ, ನಾನು ಇಪ್ಪತ್ತು ವರ್ಷ ಪ್ರೊಜೆಕ್ಟರ್ ಆಪರೇಟರ್ ಆಗಿದ್ದೋನು. ಕ್ಯಾಬಿನ್ ಕಿಂಡಿಯಿಂದ ಪರದೆ ನೋಡಿದ್ದಕ್ಕಿಂತ ಜನರ ತಲೆ ನೋಡಿದ್ದು ಜಾಸ್ತಿ, ಮೂರು ಆಟ ದಿನಾ ಅದೇ ಸಿನಿಮಾ ಅಂದ್ರೆ ಇನ್ನೇನು ನೋಡೋದು. ಅನಂತನಾಗ್, ಲಕ್ಷ್ಮಿ ಮಾಡಿದ 'ನಾ ನಿನ್ನ ಬಿಡಲಾರೆ' 1979ರದ್ದು, ನಮ್ಮೂರಿಗೆ ಬರೋ ಹೊತ್ತಿಗೆ ಪ್ರಿಂಟ್ ಗೀರು ಬಿದ್ದು ಮಳೆ ಸುರಿದಂಗೆ ಕಾಣ್ತಿತ್ತು, ಆದ್ರೂ ಸೆಕೆಂಡ್ ಶೋಗೆ ಹೆಂಗಸರು ಮಕ್ಕಳನ್ನ ಸೆರಗಲ್ಲಿ ಮುಚ್ಕೊಂಡು ಕೂರೋರು. ಒಂದಿನ ರಾತ್ರಿ ಹೀಗೇ ಜನರನ್ನ ನೋಡ್ತಾ ಮೈಮರೆತೆ. ಆಗ ಎರಡು ಮಿಷನ್ನು, ಒಂದು ರೀಲು ಮುಗಿಯೋ ಮುಂಚೆ ಪರದೆ ಬಲಗಡೆ ಮೂಲೇಲಿ ಚುಕ್ಕಿ ಬರುತ್ತೆ, ಆಗ ಎರಡನೇ ಮಿಷನ್ ಮೋಟಾರ್ ಶುರು ಮಾಡಬೇಕು, ಏಳೆಂಟು ಸೆಕೆಂಡಿಗೆ ಇನ್ನೊಂದು ಚುಕ್ಕಿ, ಆಗ ಬದಲಾಯಿಸಬೇಕು. ಎರಡೂ ಚುಕ್ಕಿ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಪರದೆ ಖಾಲಿ, ಸೌಂಡ್ ಇಲ್ಲ, ನಾನು ಗಾಬರೀಲಿ ಪ್ರೊಜೆಕ್ಟರ್ ದೀಪದ ಕಾರ್ಬನ್ ಕಡ್ಡಿ ಸರಿ ಮಾಡೋಕೆ ತಡಕಾಡ್ತಿದೀನಿ. ಮಾಮೂಲಿ ದಿನ ಆಗಿದ್ರೆ ಶಿಳ್ಳೆ, ಬೈಗುಳ, ಕುರ್ಚಿ ಬಡಿಯೋದು. ಆವತ್ತು ಒಬ್ರೂ ಉಸಿರು ಬಿಡಲಿಲ್ಲ ಕಣೇ. ಆ ಕತ್ತಲೇಲಿ ಯಾರದೋ ಕಾಲಿಗೆ ತಾಗಿ ಒಂದು ಗೋಲಿ ಸೋಡಾ ಬಾಟ್ಲಿ ಉರುಳ್ತು, ಸಿಮೆಂಟ್ ನೆಲ, ಪರದೆ ಕಡೆಗೆ ಇಳಿಜಾರು, ಗಡಗಡ ಗಡಗಡ ಅಂತ ಹಿಂದಿನ ಬೆಂಚಿಂದ ಗಾಂಧಿ ಕ್ಲಾಸ್ ತನಕ ನಿಧಾನಕ್ಕೆ ಇಳೀತಾ ಹೋಯ್ತು, ಹೋಗಿ ಗೋಡೆಗೆ ಟಣ್ ಅಂತು. ಇಡೀ ಟಾಕೀಸೇ ಕಿರುಚಿಕೊಳ್ತು. ಸಿನಿಮಾದಲ್ಲಿ ಬಂದ ಯಾವ ಸೀನಿಗೂ ಅಷ್ಟು ಕಿರುಚಿರಲಿಲ್ಲ. ಓನರ್ರು ನನಗೆ ಅರ್ಧ ದಿನದ ಸಂಬಳ ಹಿಡಿದ್ರು, ಅದು ಬೇರೆ ಮಾತು.

ಈಗ ನಿನ್ನ ಸಿನಿಮಾಗೆ ಬರ್ತೀನಿ. 58ನೇ ಸೆಕೆಂಡಿಂದ ನೋಡು. ಹುಡುಗಿ ರೂಮಲ್ಲಿ ಓದ್ತಾ ಕೂತಿದಾಳೆ, ಅಡುಗೆಮನೆ ಕಡೆಯಿಂದ ಅಜ್ಜಿ ಧ್ವನಿ ಬರುತ್ತೆ, ಒಂದು ಸಲ ಹೆಸರು ಹಿಡಿದು ಕರೀತಾಳೆ. ಹುಡುಗಿ ತಲೆ ಎತ್ತುತಾಳೆ, ಓ ಅನ್ನಲ್ಲ. ಇನ್ನೊಂದು ಸಲ ಕರೀತಾಳೆ. ಆಗಲೂ ಓ ಅನ್ನಲ್ಲ. ಇದನ್ನ ನೀನು ಬೇಕು ಅಂತ ಮಾಡಿದ್ಯೋ ಸುಮ್ನೆ ಬಂದಿದ್ಯೋ ಗೊತ್ತಿಲ್ಲ, ಆದ್ರೆ ನನ್ನ ಮೈ ಜುಂ ಅಂತು. ನಮ್ಮ ಮನೇಲಿ ಚಿಕ್ಕಂದಿನಿಂದ ಹೇಳ್ಕೊಟ್ಟಿದ್ದು ಅದೇ ತಾನೆ, ರಾತ್ರಿ ಹೊತ್ತು ಯಾರಾದ್ರೂ ಹೆಸರು ಹಿಡಿದು ಕೂಗಿದ್ರೆ ಮೂರು ಸಲ ಕೂಗೋ ತನಕ ಓಗೊಡಬಾರದು, ದೆವ್ವ ಆದ್ರೆ ಮೂರನೇ ಸಲ ಕೂಗಲ್ಲ. ಅಂದ್ರೆ ಎರಡನೇ ಕೂಗಿಗೂ ಮೂರನೇ ಕೂಗಿಗೂ ಮಧ್ಯೆ ಏನಿದೆಯೋ ಅಲ್ಲೇ ನಿನ್ನ ಪೂರ್ತಿ ಸಿನಿಮಾ ಇದೆ! ಅದನ್ನ ನೀನು ನಾಲ್ಕೇ ಸೆಕೆಂಡಿಗೆ ಕತ್ತರಿಸಿ, ಧಡಾರ್ ಅಂತ ಕಿಟಕಿಗೆ ಬಿಳಿ ಸೀರೆ ತಂದು ಬಡಿದಿದೀಯಲ್ಲೇ. ನಿಮ್ಮತ್ತೆ ನಕ್ಕಿದ್ದು ಅದಕ್ಕೇ. ಅವಳು ಮೂರನೇ ಕೂಗಿಗೆ ಕಿವಿ ಕೊಟ್ಟು ಕೂತಿದ್ಲು, ನೀನು ಹಿಂದಿನಿಂದ ಬಂದು ಭೌ ಅಂದೆ. ಬೆಚ್ಚಿಬೀಳಿಸೋದು ಬೇರೆ, ಹೆದರಿಸೋದು ಬೇರೆ.

ಕಟ್ಟುಪಾಡು ಮುರಿಯೋದು ಅಂದ್ರೆ ಎಲ್ಲಾ ಮುರಿಯೋದು ಅಂತ ನಿಮ್ಮ ಗುಂಪಿನೋರು ಅಂದ್ಕೊಂಡ ಹಾಗಿದೆ. ರಿಟೈರ್ ಆದ್ಮೇಲೆ ನಾನು ಈ ಇಂಗ್ಲಿಷ್ ಹಾರರ್ ಎಲ್ಲಾ ಫೋನಲ್ಲಿ ನೋಡಿದೀನಿ, ಅತ್ತೆಗೆ ಗೊತ್ತಾಗದ ಹಾಗೆ ಇಯರ್‌ಫೋನ್ ಹಾಕ್ಕೊಂಡು. ಗೆದ್ದೋರೆಲ್ಲ ಮುರಿದಿರೋದು ಒಂದೋ ಎರಡೋ ಗೆಣ್ಣು ಅಷ್ಟೆ, ಉಳಿದಿದ್ದನ್ನ ಗಟ್ಟಿಯಾಗಿ ಹಿಡ್ಕೊಂಡಿದಾರೆ. 1978ರ 'ಹ್ಯಾಲೋವೀನ್' ನೋಡು, ಜಾನ್ ಕಾರ್ಪೆಂಟರ್‌ದು. ರಾತ್ರಿ, ಮನೆ, ಚಾಕು, ಎಲ್ಲಾ ಹಳೇದೇ. ಆದ್ರೆ ಸುಮಾರು ನಾಲ್ಕು ನಿಮಿಷ ನಾವು ಕೊಲೆಗಾರನ ಕಣ್ಣಲ್ಲೇ ನೋಡ್ತೀವಿ, ಮಧ್ಯೆ ಮುಖವಾಡ ಹಾಕ್ಕೊಂಡ ಮೇಲೆ ಅದರ ಎರಡು ತೂತಲ್ಲಿ, ಕೊನೆಗೆ ಮುಖವಾಡ ತೆಗೆದ್ರೆ ಆರು ವರ್ಷದ ಮಗು, ಜೋಕರ್ ಬಟ್ಟೆ ಹಾಕ್ಕೊಂಡು ಚಾಕು ಹಿಡ್ಕೊಂಡು ನಿಂತಿದೆ. ದುಡ್ಡೂ ಕಮ್ಮಿ ಅದಕ್ಕೆ, ಮ್ಯೂಸಿಕ್ಕೂ ಡೈರೆಕ್ಟರೇ ಮಾಡ್ಕೊಂಡಿದ್ದು, ಒಂದು ಪಿಯಾನೋ, ಐದರ ಎಣಿಕೆ. ನೀನು ಸಂಗೀತ ಕ್ಲಾಸಲ್ಲಿ ಖಂಡಛಾಪು ಹಾಕ್ತಿದ್ಯಲ್ಲ, ತಕ ತಕಿಟ, ಅದೇ ಐದು. ನಾಲ್ಕಕ್ಕೆ ಮುಗಿಯುತ್ತೆ ಅಂತ ಕಾಲು ಇಟ್ಟವನಿಗೆ ಇನ್ನೊಂದು ಮೆಟ್ಟಿಲು ಇರುತ್ತೆ. ಇಂಟರ್ನೆಟ್ಟಿಂದ ಡೌನ್‌ಲೋಡ್ ಮಾಡಿದ ಆ ಪಿಟೀಲು ಕುಯ್ಯೋದನ್ನ ತೆಗೆದು, ಬೇಕಿದ್ರೆ ತಾಳ ಒಂದನ್ನೇ ಮೇಜಿನ ಮೇಲೆ ಬೆರಳಲ್ಲಿ ಹಾಕಿ ರೆಕಾರ್ಡ್ ಮಾಡು.

ನೀನು ಬರೆದಿರೋ ಉತ್ತರದ ಡ್ರಾಫ್ಟಲ್ಲಿ "ನಾವು ನಾಯಕಿಯನ್ನು ಮೊದಲೇ ಸಾಯಿಸಿ ಕಟ್ಟುಪಾಡು ಮುರಿದಿದ್ದೇವೆ" ಅಂತ ಇದೆ. ಇದನ್ನ ತೆಗಿ. 1960ರಲ್ಲೇ 'ಸೈಕೋ'ದಲ್ಲಿ ಹಿಚ್‌ಕಾಕ್ ಜಾನೆಟ್ ಲೀಯನ್ನ ಅರ್ಧ ಸಿನಿಮಾ ಆಗೋ ಮುಂಚೆ ಸಾಯಿಸಿದ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಟಾಕೀಸಿನೋರಿಗೆ ತಾಕೀತು ಬೇರೆ (ನಮ್ಮೂರಲ್ಲಿ ಹಾಗೆ ಮಾಡಿದ್ರೆ ಗೇಟ್‌ಕೀಪರನ್ನೇ ಸಾಯಿಸ್ತಿದ್ರು). 1996ರ 'ಸ್ಕ್ರೀಮ್'ನಲ್ಲಿ ಪೋಸ್ಟರ್ ಮೇಲೆ ದೊಡ್ಡದಾಗಿ ಇದ್ದ ಡ್ರೂ ಬ್ಯಾರಿಮೋರ್ ಮೊದಲನೇ ಸೀನಲ್ಲೇ ಹೋದ್ಲು. ಅವರದ್ದು ನಡೀತು ಯಾಕೆ ಅಂದ್ರೆ ಜನಕ್ಕೆ ಆ ಮುಖ ಗೊತ್ತಿತ್ತು, ಇವಳು ಕೊನೇ ತನಕ ಇರ್ತಾಳೆ ಅನ್ನೋ ಧೈರ್ಯದಲ್ಲಿ ಟಿಕೆಟ್ ತಗೊಂಡಿದ್ರು. ನಿಮ್ಮ ಹುಡುಗಿ ಯಾರು ಅಂತಾನೇ ಗೊತ್ತಿಲ್ಲದೆ ಇರೋವಾಗ ಅವಳು ಸತ್ರೆ ಯಾವ ನಂಬಿಕೆ ಮುರೀತು ಹೇಳು? ಅದೇ ಮೂರನೇ ಕೂಗು ನೋಡು, ಅದರ ಬಗ್ಗೆ ನೋಡೋನ ಮನಸ್ಸಲ್ಲಿ ಮೊದಲೇ ಲೆಕ್ಕ ಇದೆ. ಲೆಕ್ಕ ಇರೋ ಕಡೆ ಮಾತ್ರ ಲೆಕ್ಕ ತಪ್ಪಿಸೋಕೆ ಆಗೋದು. ಬೆಂಗಳೂರಲ್ಲೇ ಹುಟ್ಟಿ ಬೆಳೆದ ಹುಡುಗರಿಗೆ ಈ ಮಾತು ಗೊತ್ತಿಲ್ಲದೆ ಇರಬಹುದು, ಪೇಪರ್ ತಿದ್ದೋರಿಗಂತೂ ಗೊತ್ತಿರಲ್ಲ, ಹಾಗಾಗಿ ಮೊದಲ ಅರ್ಧ ನಿಮಿಷದಲ್ಲಿ ಹಗಲು ಹೊತ್ತು ಒಂದು ಸಲ ತೋರಿಸಿಬಿಡು. ಅಜ್ಜಿ ಕರೀತಾಳೆ, ಒಂದು, ಎರಡು, ಮೂರು, ಹುಡುಗಿ "ಬಂದೇ ಅಜ್ಜಿ" ಅಂತ ನಗ್ತಾ ಓಡ್ತಾಳೆ. ಯಾರೂ ಏನೂ ವಿವರಿಸೋದು ಬೇಡ. ಡ್ರೋನು ಬೆಕ್ಕು ಗೊಂಬೆ ತೆಗೆದ್ರೆ ಅಷ್ಟು ಜಾಗ ಆರಾಮಾಗಿ ಸಿಗುತ್ತೆ. 1968ರ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಶುರುವಾಗೋದೂ ಬೆಳಕಲ್ಲೇ, ಸ್ಮಶಾನದಲ್ಲಿ ಅಣ್ಣ ತಂಗಿಯನ್ನ ರೇಗಿಸ್ತಾ ಇರ್ತಾನೆ, ದೂರದಲ್ಲಿ ಯಾರೋ ಒಬ್ಬ ನಡ್ಕೊಂಡು ಬರ್ತಿರ್ತಾನೆ, ಅಷ್ಟೆ.

'ನಾಳೆ ಬಾ' ವಿಷಯ. 90ರ ದಶಕದಲ್ಲಿ ಅದು ನಿಜವಾಗ್ಲೂ ಮನೆ ಮನೆ ಬಾಗಿಲ ಮೇಲೆ ಇತ್ತು, ನಿಮ್ಮಮ್ಮನೇ ಬರೆದಿದಾಳೆ, ಕೇಳು. ದೆವ್ವ ಬಂದು ಓದಿ, ಸರಿ ನಾಳೆ ಬರೋಣ ಅಂತ ವಾಪಸ್ ಹೋಗೋದು, ನಾಳೆ ಬಂದ್ರೂ ಅದೇ ಬೋರ್ಡು, ಸರ್ಕಾರಿ ಆಫೀಸ್ ಥರ. ಪಾಪದ ದೆವ್ವ, ಕನ್ನಡ ಓದೋಕೂ ಬರ್ತಿತ್ತು. ಅದೇ ಕಥೆ 2018ರಲ್ಲಿ ಹಿಂದಿ 'ಸ್ತ್ರೀ' ಸಿನಿಮಾಗೂ ಹೋಯ್ತು. ಅಷ್ಟು ದೊಡ್ಡ ವಿಷಯಾನ ಒಂದು ಸೆಕೆಂಡ್ ತೋರಿಸಿ ಬಿಟ್ರೆ ಅದು ಗೋಡೆ ಮೇಲಿನ ಕ್ಯಾಲೆಂಡರ್ ಆಗುತ್ತೆ. ಅದಕ್ಕೆ ಬೇರೆ ಸಿನಿಮಾ ಮಾಡು ಮುಂದೆ, ಇಲ್ಲಿ ಒರೆಸಿಬಿಡು.

ಇನ್ನು ಬಿಳಿ ಸೀರೆ. ಇದರ ಬಗ್ಗೆ ಸ್ವಲ್ಪ ಸಿಟ್ಟಿದೆ ನನಗೆ, ತಡ್ಕೋ. ಗಂಡ ಸತ್ತ ಹೆಂಗಸನ್ನ ಬದುಕಿದ್ದಾಗ ಮೂಲೇಲಿ ಕೂರಿಸಿದ್ದು ಸಮಾಜ, ಸತ್ತ ಮೇಲೆ ಅವಳಿಗೆ ಬಿಳಿ ಸೀರೆ ಉಡಿಸಿ ಕೂದಲು ಬಿಚ್ಚಿಸಿ ಹುಣಸೆ ಮರಕ್ಕೆ ಹತ್ತಿಸಿದ್ದು ಸಿನಿಮಾದೋರು, ಅದನ್ನ ಇಪ್ಪತ್ತು ವರ್ಷ ನಾನೇ ಕೈಯಾರೆ ಓಡಿಸಿದೀನಿ. ನಿಮ್ಮ ಪ್ರಶ್ನೆಯ ಎರಡನೇ ಅರ್ಧ ಇದೇ ತಾನೆ, ಯಾರನ್ನ ಹೇಗೆ ತೋರಿಸಿದೀರಿ ಅಂತ. 2017ರ 'ಗೆಟ್ ಔಟ್' ಶುರುವಾಗೋದು ಅಮೆರಿಕದ ಒಳ್ಳೆ ಒಳ್ಳೆ ಮನೆಗಳಿರೋ ಬೀದೀಲಿ. ಬಿಳಿಯರ ಸಿನಿಮಾದಲ್ಲಿ ಅಂಥ ಬೀದಿ ಅಂದ್ರೆ ನೆಮ್ಮದಿ, ಹೊರಗಿನಿಂದ ಬರೋನು ಅಪಾಯ. ಜೋರ್ಡನ್ ಪೀಲ್ ಅಲ್ಲಿ ಒಬ್ಬ ಕಪ್ಪು ಹುಡುಗನನ್ನ ದಾರಿ ತಪ್ಪಿಸಿ ನಡೆಸ್ತಾನೆ, ಹಿಂದೆ ಒಂದು ಬಿಳಿ ಕಾರು ನಿಧಾನಕ್ಕೆ ಬರುತ್ತೆ, ಕಾರಲ್ಲಿ ಮೊಲದ ಮೇಲಿನ ಹಳೇ ಹಾಡು. ಬೀದಿ ಅದೇ, ರಾತ್ರಿ ಅದೇ, ಹೆದರಿದೋನು ಯಾರು ಅನ್ನೋದು ಮಾತ್ರ ಬದಲಾಯ್ತು. ನಿನ್ನ ಸಿನಿಮಾದಲ್ಲೂ ಅಜ್ಜಿಯನ್ನ ದೆವ್ವ ಮಾಡಬೇಡ. ಅಜ್ಜಿ ಧ್ವನಿಯನ್ನ ಯಾವುದೋ ಕದ್ದಿದೆ ಅಂತ ಇಟ್ಕೋ. ಆಗ ಹುಡುಗಿಗೆ ಬರೋದು ಎರಡು ಭಯ, ಅಲ್ಲಿರೋದು ಯಾರು, ಹಾಗಾದ್ರೆ ನನ್ನ ಅಜ್ಜಿ ಎಲ್ಲಿ.

ಟೈಟಲ್ಲಿಗೆ ರಕ್ತ ತೊಟ್ಟಿಕ್ಕೋ ಅಕ್ಷರ ಬೇಡ, ಬಿಳಿ ಅಕ್ಷರ ಸಾಕು. ನಿನ್ನ ಹೆಸರು ಡೈರೆಕ್ಟರ್ ಅಂತ ಮೊದಲೇ ಹಾಕ್ಕೊಂಡಿದೀಯ, ಅದು ಸಾಮಾನ್ಯವಾಗಿ ಕೊನೆಗೆ ಬರೋದು ಕಣಮ್ಮ, ಕಾದಿರು. ಎರಡನೇ ಕೂಗು ಆದ್ಮೇಲೆ ಹುಡುಗಿ ಮುಖ ಮೇಲೇ ಕ್ಯಾಮೆರಾ ಇಡು, ಹದಿನೈದು ಸೆಕೆಂಡ್, ಆಗುತ್ತಾ? ಇಪ್ಪತ್ತು? ಮ್ಯೂಸಿಕ್ ಹಾಕಬೇಡ. ನೀನು ಕಳಿಸಿದ ಎಡಿಟ್ ಆಗದ ಕ್ಲಿಪ್ಪಲ್ಲಿ ಹಿಂದೆ ಕುಕ್ಕರ್ ಉಸ್ಸನ್ನೋದು ಕೇಳ್ತಿತ್ತು, ವಿಷಲ್ ಕೂಗೋಕೆ ಮುಂಚೆ ಆಗುತ್ತಲ್ಲ ಆ ಸಣ್ಣ ನಡುಕ, ಅದನ್ನ ಯಾಕೆ ತೆಗೆದೆ? ಅದು ನಿನ್ನ ಸೋಡಾ ಬಾಟ್ಲಿ. ಅದು ಇರಲಿ, ವಿಷಲ್ ಕೂಗೋಕೆ ಮಾತ್ರ ಬಿಡಬೇಡ. ಕಪ್ಪು ಪರದೆ, ಟೈಟಲ್, ಮುಗೀತು.

ಉತ್ತರ ಬರೆಯೋವಾಗ, ಸಿನಿಮಾ ಜಾತಿಗಳ ಬಗ್ಗೆ ಬರೆದ ಆ ಸ್ಟೀವ್ ನೀಲ್ ಹೇಳಿದ್ದು, ಅದೇ ಬರಬೇಕು ಆದ್ರೂ ಬೇರೆ ಆಗಿರಬೇಕು ಅನ್ನೋದು, ಅದನ್ನ ಬರೀ ಹೆಸರಿಗೆ ಹೇಳಿ ಮುಂದಕ್ಕೆ ಹೋಗಿದೀಯ. ಕೂಗು ಹಗಲಲ್ಲಿ ಮೂರು ಸಲ, ರಾತ್ರಿ ಎರಡೇ ಸಲ, ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ ನಿನಗೆ. ಯಾವುದನ್ನ ಹಳೇ ಥರಾನೇ ಇಟ್ಟಿದೀರೋ ಅದನ್ನೂ ಧೈರ್ಯವಾಗಿ ಬರಿ, ಕತ್ತಲೆ ಇಟ್ಟಿದ್ದು ಯಾಕೆ, ಒಂಟಿ ಹುಡುಗಿ ಯಾಕೆ. ಎಲ್ಲಾ ಮುರಿದೆ ಅನ್ನೋನ ಮಾತು ಯಾರೂ ನಂಬಲ್ಲ.

ಭಾನುವಾರ ಬರ್ತೀಯಲ್ಲ, ಅಜ್ಜಿ ಧ್ವನಿ ಇನ್ನೊಂದು ಸಲ ರೆಕಾರ್ಡ್ ಮಾಡಬೇಕಾಗುತ್ತೆ. ಅವಳಿಗೆ ಈಗಲೇ ಹೇಳಿದೀನಿ, ಎರಡೇ ಸಲ ಕೂಗಿ ನಿಲ್ಲಿಸಬೇಕು ಅಂತ. ಮುಖ ಸಣ್ಣ ಮಾಡ್ಕೊಂಡ್ಲು. "ಎರಡು ಸಲ ಕೂಗಿ ಬಿಡಬಾರದು ಕಣೋ ಮಗೂನ" ಅಂದ್ಲು. ರೆಕಾರ್ಡಿಂಗ್ ಆಫ್ ಮಾಡಿದ ತಕ್ಷಣ ಮೂರನೇದು ಕೂಗೇ ಕೂಗ್ತಾಳೆ, ನಂಗೊತ್ತು. ಆಗ ಮರೀದೆ ಓ ಅನ್ನು.

ಇಂತಿ,
ನಿನ್ನ ಮಾಮ