ಬೆವರೋ ಕಣ್ಣೀರೋ: ಗೆಳೆಯನಿಗೊಂದು ಪತ್ರ

ತುಮಕೂರು, ಭಾನುವಾರ ರಾತ್ರಿ

ಪ್ರಿಯ ಗೆಳೆಯ,

ನಿನ್ನ ಸಂದೇಶ ಬಂದಾಗ ನಮ್ಮ ಬಸ್ಸು ಇನ್ನೂ ಗುಬ್ಬಿ ಬಿಟ್ಟಿರಲಿಲ್ಲ. "ಆ ಅಳುಮುಂಜಿ ಆಲ್ಬಮ್ಮನ್ನು ಇನ್ನೂ ಕೇಳುತ್ತಿದ್ದೀಯಾ? ಪಾಲಿಶ್ ಹೊಡೆದ ದುಃಖ ಅದು" ಎಂದು ಬರೆದಿದ್ದೆ. ಕೆಳಗೆ 5.5 ಎಂಬ ಅಂಕವನ್ನೂ ಪರೀಕ್ಷೆಯ ಫಲಿತಾಂಶದ ಹಾಗೆ ಅಂಟಿಸಿದ್ದೆ. ಉತ್ತರ ಅಲ್ಲೇ ನಾಲಿಗೆಯ ತುದಿಗೆ ಬಂತು. ಆದರೆ ಒಂದು ಕೈಯಲ್ಲಿ ಕಂಬಿ ಹಿಡಿದುಕೊಂಡು ಹೆಬ್ಬೆರಳಿನಲ್ಲಿ ಒತ್ತಿ ಮುಗಿಸುವ ಮಾತು ಅದಾಗಿರಲಿಲ್ಲ. ಅದಕ್ಕೇ ಈ ಪತ್ರ. ನಾಲ್ಕು ಜನ ಓದಲಿ ಎಂದು ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ, ಬೇಸರಿಸಬೇಡ.

2012ರ ಜನವರಿಯನ್ನು ನೆನಪಿಸಿಕೊ. ನೀನು ಅಳುಮುಂಜಿ ಎಂದ ಆಲ್ಬಮ್, ಅಮೆರಿಕದ ಗಾಯಕಿ ಲಾನಾ ಡೆಲ್ ರೇಯ 'ಬಾರ್ನ್ ಟು ಡೈ', ಬಿಡುಗಡೆಯಾದದ್ದು ಆ ತಿಂಗಳ ಕೊನೆಗೆ. ಅದಕ್ಕೂ ಮೊದಲು, 14ರಂದು, ಆಕೆ ಅಮೆರಿಕದ 'ಸ್ಯಾಟರ್‌ಡೇ ನೈಟ್ ಲೈವ್' ಟಿವಿ ಕಾರ್ಯಕ್ರಮದಲ್ಲಿ ಹಾಡಿ ಮುಗ್ಗರಿಸಿದ್ದಳು. ಅಲ್ಲಿಗೆ ತೀರ್ಪು ಅರ್ಧ ಬರೆದಾಗಿತ್ತು. ಎಲಿಜಬೆತ್ ಗ್ರಾಂಟ್ ಎಂಬ ಹೆಸರನ್ನು ಬದಲಾಯಿಸಿಕೊಂಡದ್ದೇಕೆ, 2010ರಲ್ಲಿ ಬಂದ ಮೊದಲ ಆಲ್ಬಮ್ ಮಾರಾಟದಿಂದ ಮಾಯವಾದದ್ದೇಕೆ, ಅಪ್ಪ ಎಷ್ಟು ಸಿರಿವಂತ, ಆ ತುಟಿ ಹುಟ್ಟಿನಿಂದ ಬಂದದ್ದೇ? ವಿಮರ್ಶೆ ಎಂಬ ಹೆಸರಿನಲ್ಲಿ ನಡೆದದ್ದು ಹೆಣ್ಣು ನೋಡಲು ಬಂದವರು ಕೇಳುವಂಥ ವಿಚಾರಣೆ. ನೀನು ಅಂಟಿಸಿದ ಆ 5.5, ಪಿಚ್‌ಫೋರ್ಕ್ ಎಂಬ ಅಮೆರಿಕದ ಸಂಗೀತ ವಿಮರ್ಶೆಯ ಜಾಲತಾಣ ಹತ್ತಕ್ಕೆ ಕೊಟ್ಟದ್ದು. ಆ ಬರಹದಲ್ಲಿ ಒಂದು ಹೋಲಿಕೆಯಿದೆ. ನಮ್ಮ ಅತ್ತಿಗೆಯೂ ಓದುವ ಕಡೆ ಅದನ್ನು ಬರೆಯಲಾರೆ. ಈಕೆಯ ಬೇಗೆಯೆಲ್ಲ ನಟನೆ ಎಂಬುದು ಅದರ ತಾತ್ಪರ್ಯ.

ನಟನೆ ಹೌದು. ನನ್ನ ತಕರಾರು ಇರುವುದು ಅದರ ಮುಂದಿನ ಹೆಜ್ಜೆಯ ಬಗ್ಗೆ. ನಟನೆಯಾದರೆ ಏನಾಯಿತು?

ನಾನು ಒಂಬತ್ತು ವರ್ಷದವನಿದ್ದಾಗಿನ ಮಾತು. ನಮ್ಮೂರ ಜಾತ್ರೆಯಲ್ಲಿ ಹರಿಶ್ಚಂದ್ರ ನಾಟಕ. ನಮ್ಮ ಸೀಮೆಯಲ್ಲಿ ನಾಟಕ ಹೇಗೆ ನಡೆಯುತ್ತದೆ ಎಂಬುದು ಬೆಂಗಳೂರು ಸೇರಿದ ನಿನಗೆ ಮರೆತಿರಬಹುದು. ಪಾತ್ರ ಬೇಕೆಂದವರು ಕೈಯಿಂದ ದುಡ್ಡು ಹಾಕುತ್ತಾರೆ, ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ರಾತ್ರಿ ಕೂತು ಕಲಿಸುತ್ತಾರೆ, ಸೀನರಿ ಬಾಡಿಗೆಗೆ ಬರುತ್ತದೆ, ಹೆಣ್ಣು ಪಾತ್ರಗಳಿಗೆ ಹೊರಗಿನಿಂದ ಕಲಾವಿದೆಯರನ್ನು ಗೊತ್ತುಮಾಡುತ್ತಾರೆ. ದೊಡ್ಡಪ್ಪನೇ ಹರಿಶ್ಚಂದ್ರನಾದ್ದರಿಂದ ಲೋಹಿತಾಶ್ವನ ಪಾತ್ರ ನನಗೆ ಪುಕ್ಕಟೆಯಾಗಿ ಸಿಕ್ಕಿತ್ತು. ಹಾವು ಕಚ್ಚಿದ ಮೇಲೆ ನನಗೆ ಇದ್ದ ಕೆಲಸ ಒಂದೇ: ಉಸಿರಾಟ ಕಾಣದಂತೆ ಮಲಗುವುದು.

ರಾತ್ರಿ ಎರಡೂವರೆ ಇರಬಹುದು. ಚಂದ್ರಮತಿ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಆಲಾಪ ಎತ್ತಿದಳು. ನನ್ನ ಕಿವಿ ಅವಳ ಹೊಟ್ಟೆಗೆ ಒತ್ತಿಕೊಂಡಿತ್ತು. ಪ್ರತಿ ಸಾಲಿಗೂ ಮೊದಲು ಅವಳು ಗಾಳಿ ಎಳೆದುಕೊಳ್ಳುವುದು ತಿದಿಯ ಸದ್ದಿನಂತೆ ಕೇಳುತ್ತಿತ್ತು. ಕೆನ್ನೆಯ ಮೇಲೆ ಬೆಚ್ಚಗಿನ ಹನಿಯೊಂದು ಬಿತ್ತು. ತಡೆಯಲಾರದೆ ಕಣ್ಣನ್ನು ಕೂದಲೆಳೆಯಷ್ಟು ತೆರೆದೆ. ಅವಳ ಕಣ್ಣು ಒಣಗಿತ್ತು. ಹಣೆಯ ಪೌಡರನ್ನು ಸೀಳಿಕೊಂಡು ಇಳಿದ ಬೆವರು ಗಲ್ಲದ ತುದಿಯಲ್ಲಿ ಇನ್ನೊಂದು ಹನಿಯಾಗುತ್ತಿತ್ತು. ನೋಟವೆಲ್ಲ ಮೇಷ್ಟರ ಬೆರಳುಗಳ ಮೇಲೆ. ಎದುರಿನ ಚಾಪೆಯಲ್ಲಿ ನಮ್ಮಜ್ಜಿ, ನಾನು ಬದುಕಿಯೇ ಇದ್ದೇನೆಂದು ಚೆನ್ನಾಗಿ ಗೊತ್ತಿದ್ದೂ, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಹಿಂದಿನಿಂದ 'ಒನ್ಸ್ ಮೋರ್' ಕೂಗು ಬಂತು. ಚಂದ್ರಮತಿ ಮರಗಟ್ಟಿದ ಕಾಲನ್ನು ಬದಲಿಸಿ, ನನ್ನ ತಲೆಯನ್ನು ಇನ್ನೊಂದು ತೊಡೆಗೆ ದಾಟಿಸಿ, ಮೊದಲಿನಿಂದ ಹಾಡಿದಳು. ಎರಡನೆಯ ಸಲ ಇನ್ನೂ ಚೆನ್ನಾಗಿತ್ತು. ಪರದೆ ಬಿದ್ದ ಮೇಲೆ ಟೀ ಕುಡಿಯುತ್ತ, ತಿಪಟೂರಿಗೆ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿದಳು.

ಆಕೆಯ ದುಃಖ ನಿಜವೇ ಎಂದು ನಮ್ಮೂರಿನಲ್ಲಿ ಯಾರೂ ಕೇಳಲಿಲ್ಲ. ಶ್ರುತಿ ತಪ್ಪಿದ್ದರೆ ಖಂಡಿತ ಕೇಳುತ್ತಿದ್ದರು. 1884ರಲ್ಲೇ ನಾಟಕ ಕಂಪನಿ ಕಟ್ಟಿದ ಊರು ಗುಬ್ಬಿ. ಅದರ ಮಗ್ಗುಲಲ್ಲಿ ಹುಟ್ಟಿದವನಿಗೆ ಮುಖದ ಬಣ್ಣ ಕಂಡೊಡನೆ ಅನುಮಾನ ಹುಟ್ಟುವುದಿಲ್ಲ.

ಈಗ ಆ ಆಲ್ಬಮ್ಮಿನ 'ವಿಡಿಯೋ ಗೇಮ್ಸ್' ಹಾಡನ್ನು ಇನ್ನೊಮ್ಮೆ ಕೇಳು. ನಲ್ಲ ಆಟದಲ್ಲಿ ಮುಳುಗಿದ್ದಾನೆ, ಅವಳು ಅವನಿಗಾಗಿ ಸಿಂಗರಿಸಿಕೊಂಡು ನಿಂತಿದ್ದಾಳೆ, ಇದೇ ಸ್ವರ್ಗ ಎನ್ನುತ್ತಾಳೆ. ಆದರೆ ದನಿ ನಡೆಯುವುದು ಹೆಣದ ಹಿಂದೆ ನಡೆಯುವವರ ನಡಿಗೆಯಲ್ಲಿ. ಮಾತು ಒಂದು ಹೇಳುತ್ತದೆ, ರಾಗ ಅದನ್ನು ನಂಬುವುದಿಲ್ಲ. ಹಾರ್ಪ್ ಮತ್ತು ಪಿಟೀಲುಗಳ ಆ ನುಣುಪು ಇಲ್ಲದಿದ್ದರೆ ಈ ಬಿರುಕು ಕಾಣುತ್ತಲೇ ಇರಲಿಲ್ಲ. ಹೊಸದಾಗಿ ಸುಣ್ಣ ಬಳಿದ ಗೋಡೆಯಲ್ಲಿ ಬಿರುಕು ಬೇಗ ಕಣ್ಣಿಗೆ ಬೀಳುತ್ತದೆಯಲ್ಲ, ಹಾಗೆ. ನೀನು ದೋಷವೆಂದ ಪಾಲಿಶ್ ನನಗೆ ಕಸುಬಾಗಿ ಕಾಣುತ್ತದೆ.

ಹಾಗೆಂದು ಆಲ್ಬಮ್ಮಿಗೆ ಪೂರ್ತಿ ಮಂಗಳಾರತಿ ಎತ್ತುತ್ತಿಲ್ಲ. ಹನ್ನೆರಡು ಹಾಡುಗಳಲ್ಲಿ ಏಳನೆಯದರಿಂದ ಮುಂದೆ ಗಾಡಿ ಒಂದೇ ಗೇರಿನಲ್ಲಿ ಎಳೆಯುತ್ತದೆ. ಅದೇ ಭಾರದ ಡ್ರಮ್ಮು, ಅದೇ ಪಿಟೀಲಿನ ಮೋಡ, ಅದೇ ಕೆಟ್ಟ ಹುಡುಗ. ಹನ್ನೊಂದನೆಯ 'ಸಮ್ಮರ್‌ಟೈಮ್ ಸ್ಯಾಡ್‌ನೆಸ್'ಗೆ ಮತ್ತೆ ಎಚ್ಚರವಾಗುತ್ತದೆ. ಆದರೆ ಗುಬ್ಬಿಯಿಂದ ತುಮಕೂರಿಗೆ ಬರುವಷ್ಟರಲ್ಲಿ ನನಗೆ ಎಂಟು ಹಾಡು ಮುಗಿದರೆ ಹೆಚ್ಚು. ಆ ಹಾಡು ಸಿಗುವುದು ದಾರಿಯಲ್ಲಿ ಟೈರು ಪಂಚರಾದ ದಿನ ಮಾತ್ರ. ಇಂಥ ತಪ್ಪುಗಳನ್ನು ಬೆರಳಿಟ್ಟು ತೋರಿಸಿ 5.5 ಕೊಟ್ಟಿದ್ದರೆ ನಾನು ಜಗಳಕ್ಕೆ ಬರುತ್ತಿರಲಿಲ್ಲ.

ಇನ್ನು ಅಂಕದ ವಿಷಯ. ನಿನ್ನ ಅಂಕಪಟ್ಟಿ ಹಳೆಯದು, ಮಹಾರಾಯ. 2019ರಲ್ಲಿ ಅದೇ ಪಿಚ್‌ಫೋರ್ಕ್ ಆಕೆಯ ಮತ್ತೊಂದು ಆಲ್ಬಮ್ಮಿಗೆ 9.4 ಕೊಟ್ಟಿತು. 2021ರಲ್ಲಿ ತನ್ನ ಹಳೆಯ ಕೆಲವು ತೀರ್ಪುಗಳನ್ನು ತಾನೇ ತಿದ್ದಲು ಕೂತು, 'ಬಾರ್ನ್ ಟು ಡೈ'ಯ 5.5 ಅನ್ನು 7.8 ಮಾಡಿತು. ಪಿಯುಸಿಯಲ್ಲಿ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟಿ ನಿನಗೆ ದಕ್ಕಿದ್ದು ಎರಡೇ ಅಂಕ. ಆಕೆಗೆ ಅರ್ಜಿ ಹಾಕದೆಯೇ 2.3 ಬಂತು. ಈ ನಡುವೆ ಆ ಹಾಡುಗಳಲ್ಲಿ ಒಂದು ಸ್ವರವೂ ಬದಲಾಗಿರಲಿಲ್ಲ. 2012ರಲ್ಲಿ ಹೈಸ್ಕೂಲಿನಲ್ಲಿದ್ದು, ಬಾಗಿಲು ಹಾಕಿಕೊಂಡು ಇದನ್ನು ಕೇಳಿದ ಮಕ್ಕಳು ದೊಡ್ಡವರಾಗಿ ವಿಮರ್ಶೆ ಬರೆಯತೊಡಗಿದರು ಎಂಬುದು ನನ್ನ ಗುಮಾನಿ. ಕೇಳುಗರಿಗಂತೂ ಅಂಕದ ಗೊಡವೆಯೇ ಇರಲಿಲ್ಲ. ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿದ ಈ ಆಲ್ಬಮ್ ಅಮೆರಿಕದ ಆಲ್ಬಮ್ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ 300 ವಾರಗಳಿಗೂ ಹೆಚ್ಚು ಕಾಲ ಕೂತಿತು.

ನನಗೆ ಬೇಸರವಾದದ್ದು ಬೇರೊಂದು ಕಡೆ. 2019ರಲ್ಲಿ ಆನ್ ಪವರ್ಸ್ ಎಂಬ ವಿಮರ್ಶಕಿ ಗೌರವದಿಂದಲೇ, ಉದ್ದಕ್ಕೆ ಬರೆದಾಗ, ಲಾನಾ ಸಿಡುಕಿದಳು: ತನಗೆ ವೇಷ ಎಂಬುದು ಎಂದೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ, ಮುಂದೂ ಬೇಡ ಎಂದಳು. ಏಕಮ್ಮಾ ತಾಯಿ? ಅಷ್ಟು ಚೆಂದದ ವೇಷವನ್ನು ಬೈದವರ ಮಾತಿಗೆ ಹೆದರಿ ಬಚ್ಚಿಡುವುದೇ? ತಿಪಟೂರಿನ ಬಸ್ಸು ಕೇಳಿದ ನಮ್ಮ ಚಂದ್ರಮತಿ, ಗ್ರೀಸ್ ಪೇಂಟನ್ನು ಕೊಬ್ಬರಿ ಎಣ್ಣೆಯಲ್ಲಿ ಒರೆಸಿಕೊಳ್ಳುತ್ತಲೇ, ನನ್ನ ಕಡೆ ತಿರುಗಿ, "ಹೆಣ ಕಣ್ಣು ಬಿಟ್ಟಿದ್ದು ನಾನು ನೋಡಿದೆ" ಎಂದು ಹೇಳಿ ನಕ್ಕಿದ್ದಳು.

ಮುಂದಿನ ತಿಂಗಳು ನಮ್ಮೂರಿನಲ್ಲಿ ಮತ್ತೆ ಹರಿಶ್ಚಂದ್ರ ಇದೆ. ದೊಡ್ಡಪ್ಪನಿಗೆ ಮೊಣಕಾಲು ನೋವು. ಈ ಸಲ ಮೇಳದ ಜೊತೆ ಕೂತು ತಾಳ ಹಾಕುತ್ತಾರಂತೆ. ಶನಿವಾರ ಮಧ್ಯಾಹ್ನವೇ ಹೊರಟು ಬಾ, ರಾತ್ರಿ ಚಳಿ ಇರುತ್ತದೆ, ಸ್ವೆಟರ್ ತಾ. ಹಾಗೆಯೇ ನಿನ್ನ ಒಳ್ಳೆಯ ಹೆಡ್‌ಫೋನನ್ನೂ ತಾ. ನನ್ನದರ ಎಡಗಿವಿ ಯುಗಾದಿಯಿಂದಲೇ ಸತ್ತಿದೆ.

ನಿನ್ನ
ಲೋಹಿತಾಶ್ವ