ಅಕ್ಕನಿಗೆ, ಮಗಳ ಫೋನಿನ ವಿಷಯ

ಪ್ರೀತಿಯ ಅಕ್ಕ,

ಅಮ್ಮ, ಭಾವ ಎಲ್ಲರೂ ಆರಾಮ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ "ಇನ್‌ಸ್ಟಾಗ್ರಾಂ ತೆಗೆಸಿಬಿಡ್ಲಾ?" ಅಂತ ಕೇಳಿದೆಯಲ್ಲ, ನಿನ್ನ ಮಗಳು ಪಕ್ಕದಲ್ಲೇ ಇದ್ದದ್ದಕ್ಕೆ ನಾನು ಮಾತು ಬದಲಿಸಿದೆ. ಅದಕ್ಕೇ ಈ ಕಾಗದ.

ಇಲ್ಲಿ ಆಸ್ಟ್ರೇಲಿಯಾದಲ್ಲಿ 2025ರ ಡಿಸೆಂಬರ್ 10ರಿಂದ 16 ತುಂಬದ ಮಕ್ಕಳು ಇನ್‌ಸ್ಟಾಗ್ರಾಂ, ಟಿಕ್‌ಟಾಕ್, ಸ್ನ್ಯಾಪ್‌ಚಾಟ್‌ನಂಥವುಗಳಲ್ಲಿ ಖಾತೆ ಇಟ್ಟುಕೊಳ್ಳುವಂತಿಲ್ಲ. ನನಗೆ ಹಿಡಿಸಿದ್ದು ಏನು ಗೊತ್ತಾ? ದಂಡ ಬೀಳೋದು ಕಂಪನಿಗೆ, 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ. ಮಗುವಿಗೂ ಇಲ್ಲ, ಅಪ್ಪ ಅಮ್ಮನಿಗೂ ಇಲ್ಲ. ಹುಡುಗರು ಸುಳ್ಳು ವಯಸ್ಸು ಕೊಟ್ಟು ನುಸುಳ್ತಾರೆ, ಅದು ಬೇರೆ ಮಾತು. ಆದರೂ "ಎಲ್ಲರ ಹತ್ರಾನೂ ಇದೆ, ನಂಗೊಬ್ಳಿಗೇ ಇಲ್ಲ" ಅನ್ನೋ ಜಗಳದ ಬಲ ಕಡಿಮೆಯಾಗುತ್ತೆ.

ಅವಳನ್ನ ಹಟಮಾರಿ ಅಂತ ಬೈಯಬೇಡ. ಊರಿಗೆ ಬಂದಿದ್ದಾಗ ನೋಡಿದೆ: ನನ್ನ ಜೊತೆ ಮಾತಾಡ್ತಾನೇ ಇದ್ದಳು, ಹೆಬ್ಬೆರಳು ಮಾತ್ರ ಅದರ ಪಾಡಿಗೆ ರೀಲ್ಸ್ ಸರಿಸ್ತಾ ಇತ್ತು. ಈಗ ಏನು ನೋಡಿದೆ ಅಂತ ಕೇಳಿದರೆ ಅವಳಿಗೇ ನೆನಪಿಲ್ಲ. ಯಾವುದೋ ಒಂದು ನಗಿಸುತ್ತೆ, ಯಾವುದು ಅಂತ ಮೊದಲೇ ಗೊತ್ತಿರಲ್ಲ, ಲಾಟರಿ ಥರ. ಸಾಕು ಅನ್ನಿಸೋಕೆ ಒಂದು ಕೊನೆಯಾದರೂ ಬೇಕಲ್ಲ? ಅದನ್ನೇ ತೆಗೆದುಹಾಕಿದ್ದಾರೆ. ಈ ಮುಗಿಯದ ಸ್ಕ್ರೋಲನ್ನ 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕಾಗಿ ಕೊರಗಿದ್ದಾರೆ. ದೊಡ್ಡವರೇ ಬಿಡಲಾಗದ್ದನ್ನ ಆ ಮಗು ಹೇಗೆ ಬಿಟ್ಟೀತು!

ಅಮೆರಿಕದ ಸರ್ಜನ್ ಜನರಲ್, ಅಂದರೆ ಜನರ ಆರೋಗ್ಯದ ಬಗ್ಗೆ ಸರ್ಕಾರದ ಪರವಾಗಿ ಸಲಹೆ ಕೊಡೋ ಮುಖ್ಯ ವೈದ್ಯ ಆಗಿದ್ದ ವಿವೇಕ್ ಮೂರ್ತಿ (ಕರ್ನಾಟಕ ಮೂಲದವರೇ) 2023ರಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಹೊತ್ತು ಸೋಷಿಯಲ್ ಮೀಡಿಯಾದಲ್ಲೇ ಇರುವ ಹದಿಹರೆಯದವರಿಗೆ ಖಿನ್ನತೆ, ಆತಂಕದಂಥ ತೊಂದರೆಗಳ ಅಪಾಯ ಇಮ್ಮಡಿ ಅಂತ. ಇದನ್ನ ನೋಡಿ ಮನಸ್ಸು ಕುಗ್ಗುತ್ತೋ, ಮನಸ್ಸು ಕುಗ್ಗಿದವರೇ ಹೆಚ್ಚು ನೋಡ್ತಾರೋ ಅನ್ನೋ ವಾದ ಇನ್ನೂ ನಡೀತಿದೆ. ನಿದ್ದೆ ವಿಷಯದಲ್ಲಿ ಮಾತ್ರ ನನಗೆ ಅನುಮಾನ ಇಲ್ಲ. ಆ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ದಿಂಬಿನ ಕೆಳಗೆ ಫೋನು ಗುರ್ ಅಂತಿದ್ದರೆ ಎಲ್ಲಿಂದ ಬರುತ್ತೆ?

ಕಾನೂನಿಲ್ಲದ ಕಡೆ ನೀನೊಬ್ಬಳೇ ತೆಗೆಸಿದರೆ ಬೇರೆ ಹೆಸರಲ್ಲಿ ಖಾತೆ ಮಾಡ್ಕೋತಾಳೆ. ಅಲ್ಲಿ ಯಾರಾದರೂ ಕೆಟ್ಟ ಮೆಸೇಜ್ ಕಳಿಸಿದರೆ ನಿನ್ನ ಹತ್ರ ಬಾಯಿ ಬಿಡಲ್ಲ. ಆ ಭಯ ನನಗೆ ಜಾಸ್ತಿ. ಅದರ ಬದಲು ನೋಟಿಫಿಕೇಶನ್ ಆಫ್ ಮಾಡಿಸು, ರಾತ್ರಿ ಫೋನು ಹಾಲ್‌ನಲ್ಲೇ ಚಾರ್ಜಿಗಿರಲಿ. ಭಾವನ ಫೋನೂ ಅಲ್ಲೇ ಇರಬೇಕು! ನಾನೇ ಹೇಳಿದೆ ಅನ್ನು, ಬೈಯೋದಾದರೆ ನನ್ನನ್ನೇ ಬೈಯಲಿ.

ಅಮ್ಮನಿಗೆ ನಮಸ್ಕಾರ ತಿಳಿಸು.

ನಿನ್ನ ತಂಗಿ